ತಲಪಾಡಿಯಲ್ಲಿ ನಿಂತ ಆಂಬುಲೆನ್ಸ್: ಗಡಿ ಮುಚ್ಚುವ ಅಧಿಕಾರ ಯಾರದ್ದು?

2020ರ ಮಾರ್ಚ್ ಕೊನೆಯ ವಾರ ಕಾಸರಗೋಡು ಜಿಲ್ಲೆಯಿಂದ ದಕ್ಷಿಣ ಕನ್ನಡಕ್ಕೆ ದಾಟುವ ರಸ್ತೆಗಳನ್ನೆಲ್ಲ ಕರ್ನಾಟಕ ಸರಕಾರ ಮುಚ್ಚಿತು. ಕೆಲವು ಕಡೆ ಬ್ಯಾರಿಕೇಡು, ಒಳದಾರಿಗಳಲ್ಲಿ ಲಾರಿಗಟ್ಟಲೆ ತಂದು ಸುರಿದ ಮಣ್ಣು. ತಲಪಾಡಿಯಲ್ಲಿ ರಾಷ್ಟ್ರೀಯ ಹೆದ್ದಾರಿ 66 ಕೂಡ ಬಂದ್. ಆಗ ಕೇರಳದಲ್ಲಿ ಅತಿ ಹೆಚ್ಚು ಕೊರೊನಾ ಪ್ರಕರಣಗಳಿದ್ದದ್ದು ಕಾಸರಗೋಡಿನಲ್ಲೇ. ದಾರಿ ಬಿಟ್ಟರೆ ರೋಗ ನಮ್ಮ ಕಡೆಗೂ ಬರುತ್ತದೆ ಎಂಬುದು ಕರ್ನಾಟಕದ ವಾದ. ಕೊರೊನಾ ಇಲ್ಲದ, ಆದರೆ ಅದೇ ದಿನ ಆಸ್ಪತ್ರೆ ಸೇರಲೇಬೇಕಾದ ರೋಗಿಗಳನ್ನು ಹೊತ್ತ ಆಂಬುಲೆನ್ಸುಗಳೂ ಗಡಿಯಲ್ಲೇ ತಿರುಗಬೇಕಾಯಿತು. ಚಿಕಿತ್ಸೆ ಸಿಗದೆ ಸತ್ತವರಿದ್ದಾರೆ.

ಮಂಜೇಶ್ವರ, ಉಪ್ಪಳ, ಕುಂಬಳೆ, ಪೆರ್ಲ, ಬದಿಯಡ್ಕದವರಿಗೆ ದೊಡ್ಡ ಆಸ್ಪತ್ರೆಯೆಂದರೆ ಮಂಗಳೂರು ಅಥವಾ ಅದರ ಪಕ್ಕದ ದೇರಳಕಟ್ಟೆ. 1956ರ ನವೆಂಬರ್ 1ರಂದು ಕಾಸರಗೋಡು ತಾಲೂಕು ಕೇರಳಕ್ಕೆ ಸೇರಿತು, ಆಸ್ಪತ್ರೆಯ ದಾರಿ ಮಾತ್ರ ಹಾಗೇ ಉಳಿಯಿತು. ಕಾಸರಗೋಡು ಪೇಟೆಯಿಂದ ಮಂಗಳೂರಿಗೆ ಸುಮಾರು 50 ಕಿಲೋಮೀಟರು, ಮಂಜೇಶ್ವರದಿಂದ ಅದರ ಅರ್ಧವೂ ಇಲ್ಲ. ದಕ್ಷಿಣಕ್ಕೆ, ಕಣ್ಣೂರು ಜಿಲ್ಲೆಯ ಪರಿಯಾರಂ ಮೆಡಿಕಲ್ ಕಾಲೇಜಿಗೆ ಮಂಜೇಶ್ವರದವರು ಸುಮಾರು 100 ಕಿಲೋಮೀಟರು ಹೋಗಬೇಕು. ಕಾಸರಗೋಡು ಜಿಲ್ಲೆಯೊಳಗೇ ಇರುವ ಉಕ್ಕಿನಡ್ಕದ ಸರಕಾರಿ ಮೆಡಿಕಲ್ ಕಾಲೇಜಿನ ಕಟ್ಟಡ ತೆರೆದದ್ದು ಆ ಏಪ್ರಿಲಿನಲ್ಲಿ, ಅದೂ ಕೊರೊನಾ ಆಸ್ಪತ್ರೆಯಾಗಿ. ಡಯಾಲಿಸಿಸಿನವರ ಪಾಡು ಎಲ್ಲರಿಗಿಂತ ಕಷ್ಟ. ವಾರಕ್ಕೆ ಎರಡು ಅಥವಾ ಮೂರು ಸಲ, ಪ್ರತಿ ಸಲ ಸುಮಾರು 4 ಗಂಟೆ ಯಂತ್ರಕ್ಕೆ ಕೂತರೆ ಮಾತ್ರ ಜೀವ. ಒಂದೆರಡು ಸರದಿ ತಪ್ಪಿದರೆ ಮೈಯಲ್ಲಿ ನೀರು, ರಕ್ತದಲ್ಲಿ ಪೊಟಾಶಿಯಂ ಏರಿ ಹೃದಯವೇ ನಿಲ್ಲಬಹುದು. ಇಂಥವರಿಗೆ "ಲಾಕ್‌ಡೌನ್ ಮುಗಿಯಲಿ, ಆಮೇಲೆ ನೋಡೋಣ" ಎನ್ನುವುದು ಉತ್ತರವೇ ಅಲ್ಲ.

ಈ ಪ್ರಕರಣ ಎರಡು ವಾರದೊಳಗೆ ಕೇರಳ ಹೈಕೋರ್ಟಿನಿಂದ ಸುಪ್ರೀಂ ಕೋರ್ಟಿಗೆ ಹೋಗಿ ಮುಗಿಯಿತು. ಮುಗಿದ ರೀತಿಯ ಬಗ್ಗೆ ನಮಗೆ ತಕರಾರಿದೆ, ಅದು ಆಮೇಲೆ. ಕೇಂದ್ರ, ರಾಜ್ಯ ಮತ್ತು ಪ್ರಜೆ ಈ ಮೂವರ ನಡುವೆ ಅಧಿಕಾರ ಮತ್ತು ಹಕ್ಕು ಹೇಗೆ ಹಂಚಿಕೆಯಾಗಿದೆ ಎಂದು ಗಡಿನಾಡಿನವರಿಗೆ ತಿಳಿಯಲು ಇದಕ್ಕಿಂತ ಹತ್ತಿರದ ಪ್ರಕರಣ ಬೇರೆ ಸಿಗದು.

ಮೂರು ಪಟ್ಟಿ, ಒಂದು ರಸ್ತೆ

"ಗಡಿ ಮುಚ್ಚುವುದು" ಎಂಬ ಅಧಿಕಾರ ಕಾನೂನು ಮಾಡುವ ವಿಷಯಗಳನ್ನು ಕೇಂದ್ರ, ರಾಜ್ಯ, ಸಮವರ್ತಿ (ಇಬ್ಬರಿಗೂ ಸೇರಿದ) ಎಂದು ಮೂರು ಪಟ್ಟಿಯಾಗಿ ಹಂಚಿದ ಸಂವಿಧಾನದ ಏಳನೇ ಅನುಸೂಚಿಯ ಯಾವ ಪಟ್ಟಿಯಲ್ಲೂ ಇಲ್ಲ. ಅದನ್ನು ಬಿಡಿ ಬಿಡಿ ಕೆಲಸಗಳಾಗಿ ಒಡೆದು, ಪ್ರತಿಯೊಂದೂ ಯಾರ ಪಾಲಿಗೆ ಬರುತ್ತದೆ ಎಂದು ನೋಡಬೇಕು.

ಸಾರ್ವಜನಿಕ ಆರೋಗ್ಯ ಮತ್ತು ಆಸ್ಪತ್ರೆಗಳು ರಾಜ್ಯ ಪಟ್ಟಿಯ 6ನೇ ನಮೂದು. ಪೊಲೀಸ್ 2ನೇ ನಮೂದು. ಹಳ್ಳಿಯ ರಸ್ತೆ, ಜಿಲ್ಲಾ ರಸ್ತೆ, ಸೇತುವೆ 13ನೇ ನಮೂದು. ಇಷ್ಟನ್ನೇ ನೋಡಿದರೆ ಕರ್ನಾಟಕದ ಕೈ ಗಟ್ಟಿಯಾಗಿಯೇ ಕಾಣುತ್ತದೆ. ಆದರೆ ರಾಷ್ಟ್ರೀಯ ಹೆದ್ದಾರಿ ಇರುವುದು ಕೇಂದ್ರ ಪಟ್ಟಿಯ 23ನೇ ನಮೂದಿನಲ್ಲಿ. ಅಂತರರಾಜ್ಯ ವಲಸೆ ಮತ್ತು ಅಂತರರಾಜ್ಯ ಕ್ವಾರಂಟೈನ್ ಕೇಂದ್ರ ಪಟ್ಟಿಯ 81. ಸಾಂಕ್ರಾಮಿಕ ರೋಗ ಒಂದು ರಾಜ್ಯದಿಂದ ಇನ್ನೊಂದಕ್ಕೆ ಹರಡದಂತೆ ತಡೆಯುವುದು ಸಮವರ್ತಿ ಪಟ್ಟಿಯ 29. ರೋಗ ರಾಜ್ಯದ ಒಳಗೆ ಇರುವವರೆಗೆ ಅದು ರಾಜ್ಯದ ವಿಷಯ. ಗಡಿ ದಾಟುವ ಹೊತ್ತಿಗೆ ಕೇಂದ್ರವೂ ಪಾಲುದಾರ. ಸಮವರ್ತಿ ವಿಷಯದಲ್ಲಿ ಎರಡು ಕಾನೂನುಗಳು ಒಂದಕ್ಕೊಂದು ತಾಗಿದರೆ 254ನೇ ವಿಧಿಯ ಪ್ರಕಾರ ಸಾಮಾನ್ಯವಾಗಿ ನಿಲ್ಲುವುದು ಸಂಸತ್ತಿನ ಕಾನೂನು.

ಕಾನೂನುಗಳನ್ನೂ ಹೀಗೆಯೇ ಬಿಡಿಸಿ ನೋಡಬೇಕು. 1897ರ ಸಾಂಕ್ರಾಮಿಕ ರೋಗಗಳ ಕಾಯ್ದೆಯ 2ನೇ ಕಲಂ ರಾಜ್ಯಕ್ಕೆ ಅಧಿಕಾರ ಕೊಡುತ್ತದೆ. ರೈಲಿನಲ್ಲೋ ಬೇರೆ ರೀತಿಯಲ್ಲೋ ಪ್ರಯಾಣ ಮಾಡುವವರನ್ನು ತಪಾಸಣೆ ಮಾಡಬಹುದು, ಸೋಂಕಿನ ಅನುಮಾನ ಬಂದವರನ್ನು ಬೇರ್ಪಡಿಸಿ ಇಡಬಹುದು ಎಂದು ಅಲ್ಲಿ ಬಿಡಿಸಿ ಬರೆದಿದೆ. ತಪಾಸಣೆ ಬೇರೆ, ನೋಡದೆಯೇ ಹಿಂದೆ ಕಳಿಸುವುದು ಬೇರೆ. 2005ರ ವಿಪತ್ತು ನಿರ್ವಹಣಾ ಕಾಯ್ದೆಯ 62ನೇ ಕಲಂ ಪ್ರಕಾರ ಕೇಂದ್ರ ಸರಕಾರ ರಾಜ್ಯಗಳಿಗೆ ಲಿಖಿತ ನಿರ್ದೇಶನ ಕೊಡಬಹುದು. 72ನೇ ಕಲಂ ಆ ಕಾಯ್ದೆಗೆ ಬೇರೆ ಕಾನೂನುಗಳ ಮೇಲೆ ಮೇಲುಗೈ ಕೊಡುತ್ತದೆ. ಮಾರ್ಚ್ 24ರ ಲಾಕ್‌ಡೌನ್ ಮಾರ್ಗಸೂಚಿ ಹೊರಟದ್ದು ಈ ಕಾಯ್ದೆಯಡಿಯಲ್ಲೇ, ಅದರಲ್ಲಿ ಸಂಚಾರ ನಿಷೇಧಕ್ಕೆ ಇಟ್ಟ ವಿನಾಯಿತಿಗಳಲ್ಲಿ ತುರ್ತು ಸೇವೆಯೂ ಇತ್ತು. ಮಾರ್ಚ್ 29ರಂದು ಕೇಂದ್ರ ಗೃಹ ಸಚಿವಾಲಯ ಗಡಿಗಳನ್ನು ಬಿಗಿ ಮಾಡಲು ಹೇಳಿತು ನಿಜ. ಆದರೆ ಅದು ಊರಿಗೆ ನಡೆದು ಹೊರಟ ವಲಸೆ ಕಾರ್ಮಿಕರನ್ನು ಕಣ್ಣಲ್ಲಿಟ್ಟು ಹೊರಡಿಸಿದ ಆದೇಶ. ಅದನ್ನು ಹಿಡಿದು ಆಂಬುಲೆನ್ಸು ತಡೆಯುವುದು ಎಳೆದು ತಂದ ಅರ್ಥ.

ಕಾಸರಗೋಡಿನಲ್ಲಿ ಕೂತು ಕರ್ನಾಟಕವನ್ನಷ್ಟೇ ಬೈಯುವವರು ಒಂದು ಸಂಗತಿ ಗಮನಿಸಬೇಕು. ಅದೇ ಮಾರ್ಚ್ ಕೊನೆಗೆ ಕೇರಳ ಹೊರಡಿಸಿದ ಸಾಂಕ್ರಾಮಿಕ ರೋಗಗಳ ಸುಗ್ರೀವಾಜ್ಞೆಯಲ್ಲೂ "ಅಗತ್ಯವಿದ್ದಷ್ಟು ಕಾಲ ರಾಜ್ಯದ ಗಡಿ ಮುಚ್ಚುವ" ಅಧಿಕಾರವನ್ನು ಸರಕಾರಕ್ಕೆ ಕೊಟ್ಟಿತ್ತು. ಮುಚ್ಚುವ ಅಧಿಕಾರ ಎರಡೂ ಸರಕಾರಗಳಿಗೆ ಬೇಕು, ಮುಚ್ಚಿಸಿಕೊಳ್ಳುವುದು ಯಾರಿಗೂ ಬೇಡ.

ಪ್ರಜೆಯ ಕಡೆಯಿಂದ

19(1)(ಡಿ) ವಿಧಿ ಪ್ರಜೆಗೆ ಭಾರತದ ಭೂಪ್ರದೇಶದಲ್ಲೆಲ್ಲ ಅಡೆತಡೆಯಿಲ್ಲದೆ ಓಡಾಡುವ ಹಕ್ಕು ಕೊಡುತ್ತದೆ. ಇದಕ್ಕೆ ಮಿತಿ ಹಾಕಬಹುದು, 19(5) ಹಾಗೆ ಹೇಳುತ್ತದೆ. ಆದರೆ ಆ ಮಿತಿ ಕಾನೂನಿನ ಮೂಲಕ ಬರಬೇಕು, ಸಾರ್ವಜನಿಕ ಹಿತಕ್ಕಾಗಿ ಇರಬೇಕು, ಮತ್ತು ಸಮಂಜಸವಾಗಿರಬೇಕು. ಪರೀಕ್ಷೆ ಮಾಡಿ ಬಿಡುವ ದಾರಿ ಇದ್ದಾಗ ಪೂರ್ತಿ ಮುಚ್ಚುವುದು ಸಮಂಜಸವೇ ಎಂಬುದೇ ತಲಪಾಡಿಯ ಪ್ರಶ್ನೆ. 21ನೇ ವಿಧಿಯ ಜೀವಿಸುವ ಹಕ್ಕಿನೊಳಗೆ ತುರ್ತು ಚಿಕಿತ್ಸೆಯೂ ಸೇರುತ್ತದೆ ಎಂದು ಸುಪ್ರೀಂ ಕೋರ್ಟು 1996ರ ಪಶ್ಚಿಮ ಬಂಗ ಖೇತ್ ಮಜ್ದೂರ್ ಸಮಿತಿ ಪ್ರಕರಣದಲ್ಲೇ ಹೇಳಿದೆ.

ಆದರೆ ಆ 1996ರ ತೀರ್ಪು ಒಂದು ರಾಜ್ಯದ ಪ್ರಜೆಗೆ ಅದೇ ರಾಜ್ಯದ ಸರಕಾರಿ ಆಸ್ಪತ್ರೆಗಳು ಬಾಗಿಲು ಹಾಕಿದ್ದರ ಬಗ್ಗೆ. ನೆರೆರಾಜ್ಯದವರಿಗೆ ಕರ್ನಾಟಕ ತನ್ನ ಆಸ್ಪತ್ರೆಯಲ್ಲಿ ಹಾಸಿಗೆ ಕೊಡಲೇಬೇಕು ಎಂದು ಅದರಿಂದ ನೇರವಾಗಿ ಹೊರಡುವುದಿಲ್ಲ. ಸಂವಿಧಾನದ 15ನೇ ವಿಧಿ ಜನ್ಮಸ್ಥಳದ ಆಧಾರದ ತಾರತಮ್ಯವನ್ನು ತಡೆಯುತ್ತದೆ, ವಾಸಸ್ಥಳದ ಹೆಸರು ಅಲ್ಲಿಲ್ಲ. 1955ರ ಡಿ.ಪಿ. ಜೋಶಿ ಪ್ರಕರಣದಲ್ಲಿ, ಮೆಡಿಕಲ್ ಕಾಲೇಜಿನ ಶುಲ್ಕದಲ್ಲಿ ರಾಜ್ಯದ ನಿವಾಸಿಗಳಿಗೆ ಕೊಟ್ಟ ರಿಯಾಯಿತಿಯನ್ನು ಸುಪ್ರೀಂ ಕೋರ್ಟು ಎತ್ತಿಹಿಡಿದದ್ದು ಇದೇ ನೆಲೆಯಲ್ಲಿ. ಹಾಗಾಗಿ "ನಮಗೆ ಅಲ್ಲಿ ಹಾಸಿಗೆ ಕೊಡಿಸಿ" ಎಂದು ಕೇಳುವುದು ದುರ್ಬಲ ವಾದ. "ರಸ್ತೆ ಬಿಡಿ, ಆಸ್ಪತ್ರೆ ನಮ್ಮನ್ನು ಸೇರಿಸಿಕೊಳ್ಳಲು ಸಿದ್ಧವಿದೆ" ಎಂಬುದು ಬಲವಾದ ವಾದ. ದೇರಳಕಟ್ಟೆಯಲ್ಲೂ ಮಂಗಳೂರಿನಲ್ಲೂ ಹೆಚ್ಚಿನ ದೊಡ್ಡ ಆಸ್ಪತ್ರೆಗಳು ಖಾಸಗಿ, ರೋಗಿ ವರ್ಷಗಳಿಂದ ಹಣ ಕೊಟ್ಟು ಅಲ್ಲೇ ಚಿಕಿತ್ಸೆ ಪಡೆಯುತ್ತಿದ್ದವನು. ಅವನು ಕರ್ನಾಟಕದಿಂದ ಏನನ್ನೂ ಕೇಳುತ್ತಿಲ್ಲ, ಅಡ್ಡ ನಿಲ್ಲಬೇಡಿ ಎನ್ನುತ್ತಿದ್ದಾನೆ, ಅಷ್ಟೆ.

ಯಾವ ಕೋರ್ಟು, ಯಾರು ಅರ್ಜಿದಾರರು

ಎದುರಿಗಿದ್ದ ದಾರಿಗಳು ನಾಲ್ಕು. ಕೇರಳ ಸರಕಾರವೇ ಕರ್ನಾಟಕದ ಮೇಲೆ 131ನೇ ವಿಧಿಯಡಿ ಸುಪ್ರೀಂ ಕೋರ್ಟಿನಲ್ಲಿ ಮೂಲ ದಾವೆ ಹೂಡಬಹುದಿತ್ತು. ರಾಜ್ಯ ರಾಜ್ಯಗಳ ನಡುವಿನ ವ್ಯಾಜ್ಯಕ್ಕೆ ಇರುವ ಜಾಗ ಅದೇ. ಆದರೆ ಆ ದಾವೆಗಳು ಎಷ್ಟು ನಿಧಾನ ಎಂದು ಗಡಿನಾಡಿನವರಿಗೆ ಹೇಳಬೇಕಾಗಿಲ್ಲ, ಬೆಳಗಾವಿಯ ಬಗ್ಗೆ ಮಹಾರಾಷ್ಟ್ರ 2004ರಲ್ಲಿ ಹೂಡಿದ ದಾವೆಯನ್ನು ನೋಡಿದರೆ ಸಾಕು. ಮೂಲಭೂತ ಹಕ್ಕಿನ ರಕ್ಷಣೆಗೆ ಇರುವ 32ನೇ ವಿಧಿಯಡಿ ನೇರ ಸುಪ್ರೀಂ ಕೋರ್ಟಿಗೆ ಹೋಗಬಹುದಿತ್ತು, ಕಾಸರಗೋಡಿನ ಸಂಸದ ರಾಜಮೋಹನ್ ಉಣ್ಣಿತ್ತಾನ್ ಹಾಗೆಯೇ ಹೋದರು. ಬೆಂಗಳೂರಿನ ಹೈಕೋರ್ಟಿಗೆ ಹೋದರೆ ಕರ್ನಾಟಕದ ಮೇಲೆ ಆದೇಶ ಹೊರಡಿಸಲು ಪ್ರಾದೇಶಿಕ ವ್ಯಾಪ್ತಿಯ ತೊಡಕೇ ಇರುವುದಿಲ್ಲ. ನಾಲ್ಕನೆಯದು ಕೊಚ್ಚಿಯಲ್ಲಿರುವ ಕೇರಳ ಹೈಕೋರ್ಟು. ಅಲ್ಲಿ ರಿಟ್ ಅರ್ಜಿ (ಹಕ್ಕು ಕಾಪಾಡಲು ಸರಕಾರಕ್ಕೆ ಆದೇಶ ಕೊಡಿ ಎಂದು ಕೋರುವ ಅರ್ಜಿ) ಹಾಕಿದ್ದು ಕೇರಳ ಹೈಕೋರ್ಟಿನ ವಕೀಲರ ಸಂಘ.

ಕರ್ನಾಟಕ ಎತ್ತಿದ ಮೊದಲ ಆಕ್ಷೇಪ ಊಹಿಸಿದ್ದೇ: ಕೇರಳದ ಕೋರ್ಟು ಕರ್ನಾಟಕ ಸರಕಾರಕ್ಕೆ ಆದೇಶ ಕೊಡುವಂತಿಲ್ಲ, ಇದು ಎರಡು ರಾಜ್ಯಗಳ ಜಗಳ, 131ಕ್ಕೆ ಹೋಗಿ. ಇದಕ್ಕೆ ಉತ್ತರ ಸಂವಿಧಾನದ 226(2)ನೇ ವಿಧಿಯಲ್ಲಿದೆ. ವ್ಯಾಜ್ಯದ ಕಾರಣ ಭಾಗಶಃವಾದರೂ ತನ್ನ ವ್ಯಾಪ್ತಿಯೊಳಗೆ ಹುಟ್ಟಿದ್ದರೆ, ಎದುರು ಪಕ್ಷದ ಕಚೇರಿ ಹೊರಗಿದ್ದರೂ ಹೈಕೋರ್ಟು ರಿಟ್ ಹೊರಡಿಸಬಹುದು. 1963ರ 15ನೇ ತಿದ್ದುಪಡಿಗೆ ಮುಂಚೆ ಈ ಅನುಕೂಲ ಇರಲಿಲ್ಲ. ಬ್ಯಾರಿಕೇಡು ಕರ್ನಾಟಕದ ನೆಲದಲ್ಲಿದೆ, ಆದರೆ ಚಿಕಿತ್ಸೆ ತಪ್ಪಿ ರೋಗಿ ಸಾಯುವುದು ಮಂಜೇಶ್ವರದಲ್ಲಿ. ಇನ್ನು 131ನೇ ವಿಧಿ ಸರಕಾರಗಳ ನಡುವಿನ ದಾವೆಗೆ ಮಾತ್ರ. ಪ್ರಜೆಗಳು ತಮ್ಮ ಹಕ್ಕಿಗಾಗಿ ಬಂದಾಗ ಅದು ಅಡ್ಡ ಬರುವುದಿಲ್ಲ. ಅರ್ಜಿದಾರ ಕೇರಳ ಸರಕಾರವಾಗಿದ್ದರೆ ಇದೇ ವಾದ ಬೇರೆಯಾಗುತ್ತಿತ್ತು.

ಏಪ್ರಿಲ್ 1ರ ಆದೇಶ

ನ್ಯಾಯಮೂರ್ತಿಗಳಾದ ಎ.ಕೆ. ಜಯಶಂಕರನ್ ನಂಬಿಯಾರ್ ಮತ್ತು ಶಾಜಿ ಪಿ. ಚಾಲಿ ಅವರ ಪೀಠ 2020ರ ಏಪ್ರಿಲ್ 1ರಂದು ಮಧ್ಯಂತರ ಆದೇಶ ಕೊಟ್ಟಿತು. 19(1)(ಡಿ) ಮತ್ತು 21ನೇ ವಿಧಿಯ ಹಕ್ಕುಗಳ ಉಲ್ಲಂಘನೆಯಾಗಿದೆ ಎಂದು ಹೇಳಿತು. ಆಮೇಲೆ ಮಾಡಿದ್ದು ಜಾಣತನದ ಕೆಲಸ: ಕರ್ನಾಟಕಕ್ಕೆ ನೇರವಾಗಿ ಆಜ್ಞೆ ಮಾಡಲಿಲ್ಲ. 1956ರ ರಾಷ್ಟ್ರೀಯ ಹೆದ್ದಾರಿ ಕಾಯ್ದೆಯ 4ನೇ ಕಲಂ ಪ್ರಕಾರ ರಾಷ್ಟ್ರೀಯ ಹೆದ್ದಾರಿಗಳು ಕೇಂದ್ರದ ಸೊತ್ತು. ಹಾಗಾಗಿ ತುರ್ತು ಚಿಕಿತ್ಸೆಗೆ ಹೋಗುವ ವಾಹನಗಳಿಗೆ ಹೆದ್ದಾರಿಯ ತಡೆ ತೆಗೆಸುವ ಕೆಲಸವನ್ನು ಕೇಂದ್ರ ಸರಕಾರಕ್ಕೆ ಒಪ್ಪಿಸಿತು, ಆದೇಶದ ಪ್ರತಿಗೆ ಕಾಯದೆ ಕೂಡಲೇ ಮಾಡಿ ಎಂದಿತು.

ಅಧಿಕಾರ ಹಂಚಿಕೆ ಇಲ್ಲಿ ಪ್ರಜೆಯ ನೆರವಿಗೆ ಬಂತು. ಅಕ್ಕಪಕ್ಕದ ಎರಡು ಸರಕಾರಗಳು ಪಟ್ಟು ಹಿಡಿದು ಕೂತಾಗ ಮೂರನೆಯ ಸರಕಾರವೊಂದು ಅದೇ ರಸ್ತೆಯ ಯಜಮಾನ ಎಂದು ತೋರಿಸಲು ಸಾಧ್ಯವಾಯಿತು. ಹಾಗೆಯೇ ಇದರ ಇತಿಮಿತಿಯೂ ಎದ್ದು ಕಾಣುತ್ತದೆ. ಹೆದ್ದಾರಿಯ ವಾದ ತಲಪಾಡಿಗೆ ಸರಿ. ಪೆರ್ಲದಿಂದ ವಿಟ್ಲದ ಕಡೆಗೆ ಸಾರಡ್ಕದ ದಾರಿ, ಮುಳ್ಳೇರಿಯದಿಂದ ಸುಳ್ಯದ ಕಡೆಗೆ ಜಾಲ್ಸೂರಿನ ದಾರಿ, ಹೀಗೆ ರಾಷ್ಟ್ರೀಯ ಹೆದ್ದಾರಿಯಲ್ಲದ ರಸ್ತೆಗಳಿಗೆ ಅದು ಅನ್ವಯಿಸುವುದಿಲ್ಲ. ಅಲ್ಲಿ 19, 21ನೇ ವಿಧಿ ಮತ್ತು ವಿಪತ್ತು ನಿರ್ವಹಣಾ ಕಾಯ್ದೆಯ ಮೇಲೆಯೇ ನಿಲ್ಲಬೇಕು.

ಸುಪ್ರೀಂ ಕೋರ್ಟು, ಮತ್ತು ನಮ್ಮ ತಕರಾರು

ಕರ್ನಾಟಕ ಸುಪ್ರೀಂ ಕೋರ್ಟಿಗೆ ಹೋಯಿತು. ನ್ಯಾಯಮೂರ್ತಿಗಳಾದ ಎಲ್. ನಾಗೇಶ್ವರ ರಾವ್ ಮತ್ತು ದೀಪಕ್ ಗುಪ್ತಾ ಅವರ ಪೀಠ ಏಪ್ರಿಲ್ 3ರಂದು, ಕೇಂದ್ರ ಆರೋಗ್ಯ ಕಾರ್ಯದರ್ಶಿ ಮತ್ತು ಎರಡೂ ರಾಜ್ಯಗಳ ಮುಖ್ಯ ಕಾರ್ಯದರ್ಶಿಗಳು ಕೂತು ರೋಗಿಗಳ ಸಾಗಾಟಕ್ಕೆ ಮಾನದಂಡ ರೂಪಿಸಲಿ ಎಂದಿತು. ಏಪ್ರಿಲ್ 7ರಂದು ಕೇಂದ್ರದ ವಕೀಲರಾದ ಸಾಲಿಸಿಟರ್ ಜನರಲ್ ತುಷಾರ್ ಮೆಹ್ತಾ ಒಪ್ಪಂದವಾಗಿದೆ ಎಂದು ತಿಳಿಸಿದರು, ಪ್ರಕರಣ ಮುಗಿಯಿತು.

ರೋಗಿಯ ಪಾಲಿಗೆ ಇದು ಬೇಗ ಸಿಕ್ಕ ಪರಿಹಾರ. ಕಾನೂನಿನ ಪಾಲಿಗೆ ಖಾಲಿ ಪುಟ. ನೆರೆರಾಜ್ಯದವರಿಗೆ ಗಡಿ ಮುಚ್ಚಲು ರಾಜ್ಯಕ್ಕೆ ಅಧಿಕಾರ ಇದೆಯೇ, ಇದ್ದರೆ ಎಷ್ಟರ ಮಟ್ಟಿಗೆ, ಇನ್ನೊಂದು ರಾಜ್ಯದ ಹೈಕೋರ್ಟು ಎಲ್ಲಿಯವರೆಗೆ ಕೈ ಹಾಕಬಹುದು, ಇದಾವುದಕ್ಕೂ ಸುಪ್ರೀಂ ಕೋರ್ಟಿನ ಉತ್ತರ ಬರಲಿಲ್ಲ. ಸಾಂಕ್ರಾಮಿಕದ ಮಧ್ಯೆ ಸಂಧಾನವೇ ಮೇಲು ಎಂಬ ವಾದ ಒಪ್ಪತಕ್ಕದ್ದೇ. ಆದರೆ ರೋಗಿಗಳನ್ನು ಬಿಟ್ಟ ಮೇಲೂ ಕಾನೂನಿನ ಪ್ರಶ್ನೆಯನ್ನು ಇಟ್ಟುಕೊಂಡು ನಿಧಾನವಾಗಿ ವಿಚಾರಣೆ ಮಾಡಬಹುದಿತ್ತು.

ಒಪ್ಪಂದದ ತಿರುಳು ಇಷ್ಟು: ಕೊರೊನಾ ಅಲ್ಲದ ತುರ್ತು ರೋಗಿಗಳಿಗೆ ಮಾತ್ರ ದಾರಿ, ವೈದ್ಯಾಧಿಕಾರಿಯ ಪ್ರಮಾಣಪತ್ರ, ತಲಪಾಡಿಯಲ್ಲಿ ಕರ್ನಾಟಕದ ವೈದ್ಯಕೀಯ ತಂಡದ ತಪಾಸಣೆ, ಜೊತೆಗೆ ಹೋಗುವವರ ಸಂಖ್ಯೆಗೆ ಮಿತಿ. ಕಾಗದದ ಮೇಲೆ ಚಂದವಾಗಿದೆ. ಆದರೆ ತೊಡಕು ಎಲ್ಲೆಲ್ಲಿ ಹುಟ್ಟುತ್ತದೆ ಎಂದು ನೋಡಿ. ಎದೆನೋವಿನವನನ್ನು ಹೊಸಂಗಡಿಯಲ್ಲಿ ಆಂಬುಲೆನ್ಸಿಗೆ ಹತ್ತಿಸಿದರೆ ತಲಪಾಡಿ ಕೆಲವೇ ನಿಮಿಷದ ದಾರಿ, ಪ್ರಮಾಣಪತ್ರ ಕೊಡುವ ವೈದ್ಯಾಧಿಕಾರಿ ಮಾತ್ರ ಹಿಂದೆ ದಕ್ಷಿಣಕ್ಕೆ. ರಾತ್ರಿ ಎರಡು ಗಂಟೆಗೆ ಸಹಿ ಯಾರದ್ದು? ತುರ್ತು ಎಂಬುದಕ್ಕೆ ಒಬ್ಬ ವೈದ್ಯ ಕೊಟ್ಟ ಅರ್ಥ ಗಡಿಯಲ್ಲಿ ಕೂತ ಇನ್ನೊಬ್ಬ ವೈದ್ಯನಿಗೆ ಒಪ್ಪಿಗೆಯಾಗದಿದ್ದರೆ ಮುಂದೇನು? ಡಯಾಲಿಸಿಸಿನವನಿಗೆ ಪ್ರತಿ ಸರದಿಗೂ ಹೊಸ ಕಾಗದವೇ, ತಿಂಗಳಿಗೆ ಒಂದೇ? ಇಂಥ ಒಪ್ಪಂದ ಬರೆಯುವವರು ಪ್ರಮಾಣಪತ್ರದ ಅವಧಿ, ರಾತ್ರಿ ಪಾಳಿಯ ಸಹಿ, ತಿರಸ್ಕರಿಸಿದರೆ ಲಿಖಿತ ಕಾರಣ, ಅಲ್ಲೇ ಮೇಲ್ಮನವಿಗೆ ಒಬ್ಬ ಅಧಿಕಾರಿ, ಈ ನಾಲ್ಕನ್ನು ಬರೆಯದಿದ್ದರೆ ದಾರಿ ತೆರೆದೂ ಮುಚ್ಚಿದಂತೆಯೇ.

2021ರಲ್ಲಿ ಮತ್ತೆ

ಉತ್ತರ ಬಾರದ ಪ್ರಶ್ನೆ ವರ್ಷದೊಳಗೆ ವಾಪಸು ಬಂತು. 2020ರ ಜುಲೈ ಕೊನೆಯ ಅನ್‌ಲಾಕ್ ಮಾರ್ಗಸೂಚಿಯಲ್ಲಿ ಕೇಂದ್ರ, ರಾಜ್ಯದೊಳಗೆ ಮತ್ತು ರಾಜ್ಯಗಳ ನಡುವೆ ಜನ, ಸರಕು ಸಾಗಾಟಕ್ಕೆ ನಿರ್ಬಂಧವಿಲ್ಲ, ಬೇರೆ ಪಾಸು ಬೇಡ ಎಂದಿತ್ತು. 2021ರ ಫೆಬ್ರವರಿಯಲ್ಲಿ ಕರ್ನಾಟಕ ಕೇರಳದಿಂದ ಬರುವವರಿಗೆ 72 ಗಂಟೆಯೊಳಗಿನ ಆರ್‌ಟಿ-ಪಿಸಿಆರ್ ನೆಗೆಟಿವ್ ವರದಿ ಕಡ್ಡಾಯ ಮಾಡಿತು. ದಕ್ಷಿಣ ಕನ್ನಡಕ್ಕೆ ತಲಪಾಡಿ, ಸಾರಡ್ಕ, ನೆಟ್ಟಣಿಗೆ ಮುಡ್ನೂರು, ಜಾಲ್ಸೂರು ಈ ನಾಲ್ಕು ಕಡೆ ಮಾತ್ರ ಪ್ರವೇಶ.

ಒಮ್ಮೆ ಬಂದು ಹೋಗುವ ಪ್ರವಾಸಿಗೆ ಈ 72 ಗಂಟೆ ದೊಡ್ಡ ಮಾತಲ್ಲ. ಮಂಗಳೂರಿನ ಕಾಲೇಜಿಗೆ, ತೊಕ್ಕೊಟ್ಟಿನ ಅಂಗಡಿ ಕೆಲಸಕ್ಕೆ ದಿನಾ ದಾಟುವವನಿಗೆ ಅದು ಮೂರು ದಿನಕ್ಕೊಮ್ಮೆ ಮೂಗಿಗೆ ಕಡ್ಡಿ. ವರದಿ ಕೈಗೆ ಬರಲು ಒಂದು ದಿನ ಹಿಡಿದರೆ ಉಳಿಯುವುದು ಎರಡೇ ದಿನ. ನಿಯಮ ಎಲ್ಲರಿಗೂ ಒಂದೇ, ಹೊರೆ ಒಂದೇ ಅಲ್ಲ. 14ನೇ ವಿಧಿಯ, ಅಂದರೆ ಸಮಾನತೆಯ ಹಕ್ಕಿನ, ವಾದ ಹುಟ್ಟುವುದು ಇಲ್ಲಿ. ಈ ಸಲ ಪ್ರಶ್ನೆ ಕರ್ನಾಟಕ ಹೈಕೋರ್ಟಿಗೆ ಹೋಯಿತು, ಅದು ಸರಿಯಾದ ಆಯ್ಕೆ. ಆದೇಶ ಹೊರಡಿಸಿದವರು ಆ ಕೋರ್ಟಿನ ವ್ಯಾಪ್ತಿಯೊಳಗೇ ಇದ್ದಾರೆ, ಕೇಂದ್ರದ ಮಾರ್ಗಸೂಚಿಯೂ ಆಗ ಅರ್ಜಿದಾರರ ಪರ ಇತ್ತು. ಜೀವ ಹೋಗುವ ತುರ್ತು ಇದ್ದಾಗ ಹತ್ತಿರದ ಹೈಕೋರ್ಟು, ನಿಯಮವನ್ನೇ ಪ್ರಶ್ನಿಸುವಾಗ ನಿಯಮ ಮಾಡಿದವರ ಹೈಕೋರ್ಟು ಎಂದು ಲೆಕ್ಕ ಹಾಕುವುದು ಒಳ್ಳೆಯದು.

ಕಡತದಲ್ಲಿ ಏನಿರಬೇಕು

ಇಂಥ ಅರ್ಜಿಗಳು ಸೋಲುವುದು ಸಂವಿಧಾನದ ಕೊರತೆಯಿಂದಲ್ಲ, ದಾಖಲೆಯ ಕೊರತೆಯಿಂದ. ಗಡಿಯಲ್ಲಿ ತಿರುಗಿಸಿ ಕಳಿಸಿದ ದಿನ, ಗಂಟೆ, ಜಾಗ, ವಾಹನದ ಸಂಖ್ಯೆಯನ್ನು ಅಂದೇ ಬರೆದಿಡಬೇಕು. ಮಂಗಳೂರಿನ ಆಸ್ಪತ್ರೆಯ ಹಳೆಯ ಚೀಟಿ, ಡಯಾಲಿಸಿಸ್ ಪುಸ್ತಕ, ಮುಂದಿನ ಸರದಿಯ ದಿನಾಂಕ, ಸೇರಿಸಿಕೊಳ್ಳುತ್ತೇವೆ ಎಂಬ ಆಸ್ಪತ್ರೆಯ ಪತ್ರ ಬೇಕು. ರೋಗಿ ಕೇರಳದ ನಿವಾಸಿ ಎಂಬ ಪುರಾವೆಯೂ ಬೇಕು, 226(2)ರ ವಾದಕ್ಕೆ ಅದೇ ಆಧಾರ. ಜಿಲ್ಲಾಧಿಕಾರಿಗೆ ಮೊದಲು ಒಂದು ಮನವಿ ಕೊಟ್ಟು ಸ್ವೀಕೃತಿ ತೆಗೆದುಕೊಳ್ಳಿ. 350ನೇ ವಿಧಿ ಪ್ರಕಾರ ಅದನ್ನು ಕನ್ನಡದಲ್ಲೇ ಕೊಡಬಹುದು. ಹೈಕೋರ್ಟಿನ ನಡಾವಳಿ ಮಾತ್ರ 348ನೇ ವಿಧಿಯಂತೆ ಇಂಗ್ಲಿಷಿನಲ್ಲಿ, ಹಾಗಾಗಿ ಕನ್ನಡದ ಪ್ರತಿ ದಾಖಲೆಗೂ ಅನುವಾದ ಲಗತ್ತಿಸಬೇಕು. ಕೊನೆಯ ಗಳಿಗೆಯಲ್ಲಿ ಅನುವಾದಕ್ಕೆ ಓಡಾಡಿ ಒಂದು ದಿನ ಕಳೆದುಕೊಳ್ಳುವವರು ಬಹಳ.

ಎರಡೂ ರಾಜ್ಯ ಸರಕಾರಗಳ ಜೊತೆ ಕೇಂದ್ರವನ್ನೂ ಪ್ರತಿವಾದಿ ಮಾಡಲೇಬೇಕು. ಗೃಹ ಸಚಿವಾಲಯ, ಹೆದ್ದಾರಿ ಸಚಿವಾಲಯ ಎರಡೂ ಇರಲಿ. ಕೇಂದ್ರ ಇಲ್ಲದ ಅರ್ಜಿಯಲ್ಲಿ ಏಪ್ರಿಲ್ 1ರಂಥ ಆದೇಶಕ್ಕೆ ಜಾಗವೇ ಇರುತ್ತಿರಲಿಲ್ಲ. ಕೋರಿಕೆ ಚಿಕ್ಕದಿರಲಿ. "ಗಡಿ ತೆರೆಯಿರಿ" ಎಂದರೆ ಎದುರು ಪಕ್ಷ ಸೋಂಕಿನ ಅಂಕಿಅಂಶ ಹರಡಿ ಕೂರುತ್ತದೆ. "ಪರೀಕ್ಷೆಗೆ ಒಳಪಟ್ಟು ತುರ್ತು ರೋಗಿಗಳನ್ನು ಬಿಡಿ" ಎಂದರೆ ಅದಕ್ಕೆ ಉತ್ತರ ಹುಡುಕುವುದು ಕಷ್ಟ. ರಾಜ್ಯಗಳ ಗಡಿ ವಿವಾದದ ಬಗ್ಗೆ ವರದಿ ಕೊಟ್ಟ ಮಹಾಜನ್ ಆಯೋಗವನ್ನೋ ಕಾಸರಗೋಡು ಯಾರದ್ದು ಎಂಬುದನ್ನೋ ಈ ಅರ್ಜಿಯೊಳಗೆ ತರಬೇಡಿ. ರಾಜ್ಯಗಳ ಗಡಿ ಬದಲಿಸುವುದು 3ನೇ ವಿಧಿಯಡಿ ಸಂಸತ್ತಿನ ಕೆಲಸ. ಆ ವಿಷಯ ಎತ್ತಿದ ಕೂಡಲೇ ರೋಗಿಯ ಅರ್ಜಿ ರಾಜ್ಯಗಳ ಜಗಳವಾಗುತ್ತದೆ, ಕರ್ನಾಟಕದ 131ರ ಆಕ್ಷೇಪಕ್ಕೆ ನಾವೇ ಬಲ ಕೊಟ್ಟಂತಾಗುತ್ತದೆ.

ಎದುರು ಪಕ್ಷ ಒಪ್ಪಂದಕ್ಕೆ ಬಂದರೆ ಅದರ ಷರತ್ತುಗಳನ್ನು ಕೋರ್ಟಿನ ಆದೇಶದ ಭಾಗವಾಗಿಯೇ ದಾಖಲಿಸಲು ಕೇಳಿ. ಷರತ್ತು ಮುರಿದರೆ ಹೊಸ ಅರ್ಜಿಯಿಲ್ಲದೆ ಅದೇ ಪ್ರಕರಣವನ್ನು ಮತ್ತೆ ಎತ್ತುವ ಅವಕಾಶವನ್ನೂ, ಗಡಿ ಮುಚ್ಚುವ ಅಧಿಕಾರದ ಪ್ರಶ್ನೆಯನ್ನು ಬಾಕಿ ಇಡಬೇಕೆಂಬುದನ್ನೂ ಅದೇ ದಿನ ಬರಹದಲ್ಲಿ ಕೋರಿ.